ಮಾಲತೇಶನ ಗುರುವಾರದ ಪಾಳಿ

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯ ಗುಮಾಸ್ತ ಮಾಲತೇಶನಿಗೆ ‘ಆಗಂಗಿಲ್ಲ’ ಎನ್ನಲು ಬಾರದು. ಕೇಳಿದವರಿಗೆಲ್ಲ ‘ಆತ್ರಿ’ ಎನ್ನುತ್ತಲೇ ಮೂವತ್ತೆಂಟು ವರ್ಷ ಕಳೆದಿದ್ದ. ಊರವರು ಅವನನ್ನು ಭಾಳ ಒಳ್ಳೆಯವನು ಎನ್ನುತ್ತಿದ್ದರು, ಅದೂ ಸಾಮಾನು ಹೊರಿಸುವಾಗ.

ಅವನ ಪುಣ್ಯಕ್ಕೆ ರಾಣೆಬೆನ್ನೂರಿನಲ್ಲಿ ಆಪ್ತಸಮಾಲೋಚಕಿ ಅರುಣಾ ಸಿಕ್ಕಿದ್ದರು. ಮೊದಲ ದಿನ “ಹೆಂಗದೀರಿ?” ಎಂದು ಕೇಳಿ, ಉತ್ತರಕ್ಕೂ ಕಾದಿದ್ದರು. ಹಾಗೆ ಕಾದವರು ಅವನ ಜನ್ಮದಲ್ಲಿ ಅವರೊಬ್ಬರೇ, ಮಾಲತೇಶ ಅತ್ತೇಬಿಟ್ಟಿದ್ದ. ಅಂದಿನಿಂದ ಗುರುವಾರ ಹನ್ನೊಂದರ ಆ ಒಂದು ತಾಸು ಅವನದು. ಕಳೆದ ವಾರ ಅರುಣಾ ಒಂದು ಅಭ್ಯಾಸ ಕೊಟ್ಟಿದ್ದರು: “ಬರೂದ್ರೊಳಗ ಒಬ್ಬರಿಗಾದ್ರೂ ಆಗಂಗಿಲ್ಲ ಅಂದು ಬರ್ರಿ.” ಗುರುವಾರ ಬಂದಿತ್ತು, ಅವನು ಇನ್ನೂ ಯಾರಿಗೂ ಅಂದಿರಲಿಲ್ಲ.

ಹೊರಡುವಾಗ ಪಕ್ಕದ ಮನೆಯ ಕರೆವ್ವ ಬಾಗಿಲಲ್ಲೇ ಹಿಡಿದಳು. “ಎಲ್ಲಿ ಹೊಂಟೀಯೋ?”

“ರಾಣೆಬೆನ್ನೂರಿಗ್ರಿ... ಹಲ್ಲಿನ ಡಾಕ್ಟರ್ ಕಡೆ.” ಮನಸ್ಸಿನ ವಿಷಯ ಎಂದರೆ ಸಂಜೆಯೊಳಗೆ ಓಣಿಯೆಲ್ಲ ವಿಚಾರಿಸಲು ಬರುತ್ತಿತ್ತು.

“ಚೊಲೋ ಆತು! ನನ್ನ ದವಡಿ ಹಲ್ಲೂ ನೋಯಾಕತ್ತೈತಿ, ನಾನೂ ಬರ್ತೀನಿ. ನನಗ ಬಸ್ಸು ಪುಕ್ಕಟೆ. ಈ ಮಿಕ್ಸರ್ ರಿಪೇರಿ ಆಗಬೇಕು, ಹಿಡ್ಕೋ. ಈ ಮೆಣಸಿನಕಾಯಿ ಚೀಲ ನನ್ನ ಮಗಳ ಮನಿಗೆ.”

ಮಾಲತೇಶ ಧೈರ್ಯ ಮಾಡಿ ಬಾಯಿ ತೆರೆದ. “ಆತ್ರಿ” ಎಂಬುದು ತಾನಾಗಿಯೇ ಹೊರಬಿತ್ತು.

ಮೋಟೆಬೆನ್ನೂರು ದಾಟುವಷ್ಟರಲ್ಲಿ ಚೀಲದ ಘಾಟಿಗೆ ಬಸ್ಸೆಲ್ಲ ಸೀನತೊಡಗಿತು. ಎಲ್ಲರೂ ಮಾಲತೇಶನನ್ನೇ ಬೈದರು. ಅವರ ಜೊತೆ ಕರೆವ್ವನೂ.

ಅರುಣಾ ಅವರ ಬಾಗಿಲ ಫಲಕವನ್ನು ಕರೆವ್ವ ಅಕ್ಷರ ಕೂಡಿಸಿ ಓದಿದಳು. “ಇದು ಹಲ್ಲಿಂದಲ್ಲಲ್ಲೋ! ಇಲ್ಲೇನು ಮಾಡ್ತಾರ?”

“ಮಾತು ಕೇಳ್ತಾರ್ರಿ.”

“ಯಾರ ಮಾತು?”

“ನಮ್ಮ ಮಾತು.”

ಕರೆವ್ವ ದನಿ ತಗ್ಗಿಸಿದಳು. ಆಕೆಯ ದನಿ ತಗ್ಗಿದ್ದನ್ನು ಮಾಲತೇಶ ಕೇಳಿದ್ದು ಅದೇ ಮೊದಲು. “ನಾ ಊರಿಗೆಲ್ಲ ಮಾತಾಡ್ತೀನಿ, ನನ್ನ ಮಾತು ಮಾತ್ರ ಯಾರೂ ಕೇಳಿಲ್ಲೋ ತಮ್ಮಾ. ನಿನ್ನ ಪಾಳಿ ನನಗ ಕೊಡ್ತೀಯೇನು?”

ಇದೇ ಹೊತ್ತು, ಇವಳಿಗೇ ಅಂದುಬಿಡಬೇಕು ಎಂದುಕೊಂಡ. ಆದರೆ ಆಕೆಯ ಕಣ್ಣು ಒದ್ದೆಯಾಗಿತ್ತು. “ಹೋಗ್ರಿ” ಎಂದ.

“ಸುಮ್ನ ಕುಂತೇನು ಮಾಡ್ತಿ? ಅಷ್ಟರೊಳಗ ಮಿಕ್ಸರ್ ರಿಪೇರಿ ಮಾಡಿಸಿ, ಚೀಲ ಕೊಟ್ಟು ಬಾ.”

ಮಗಳು ಚೀಲ ಇಳಿಸಿಕೊಂಡು, ತಾಯಿಗೆಂದು ಗುಡಾಣದಂಥ ಕುಂಬಳಕಾಯಿ ಹೊರಿಸಿ ಕಳಿಸಿದಳು.

ಕರೆವ್ವ ಹೊರಬಂದಾಗ ಹತ್ತು ವರ್ಷ ಚಿಕ್ಕವಳಾಗಿದ್ದಳು. “ನಿನ್ನ ಉಪಕಾರ ಸಾಯೂತನಕ ಮರಿಯಂಗಿಲ್ಲೋ ಮಾಲತೇಶ. ಮುಂದಿನ ಗುರುವಾರನೂ ನಿನ್ನ ಪಾಳಿ ನನಗ ಇರ್ಲಿ. ನೀ ಬ್ಯಾಡ ಅನ್ನಂಗಿಲ್ಲಂತ ಹೇಳಿ ಬಂದೇನಿ.”

ಮಾಲತೇಶನಿಗೆ ನಿಜಕ್ಕೂ ಸಂತೋಷವಾಯಿತು. ತಾನು ಪಡೆದದ್ದನ್ನು ಇನ್ನೊಬ್ಬರಿಗೂ ಕೊಡಿಸಿದೆನಲ್ಲ ಎಂದು ಅರುಣಾ ಅವರನ್ನು ಮನಸ್ಸಿನಲ್ಲೇ ನೆನೆದ. ಅಷ್ಟರಲ್ಲಿ ಬಸ್ಸು ಬಂತು. ಬಾಗಿಲ ಸರಳು ಹಿಡಿಯಲು ಅವನಿಗೆ ಕೈ ಖಾಲಿ ಇರಲಿಲ್ಲ.

“ಕರೆವ್ವಾರ, ಈ ಮಿಕ್ಸರ್ ಒಂದೀಟ ಹಿಡ್ಕೊಂತೀರೇನು?”

ಕರೆವ್ವ ಮೆಟ್ಟಿಲ ಮೇಲೆ ನಿಂತು, ಉಸಿರೆಳೆದು, ಅವನ ಕಣ್ಣಲ್ಲಿ ಕಣ್ಣಿಟ್ಟು ಪ್ರೀತಿಯಿಂದಲೇ ಹೇಳಿದಳು:

“ಆಗಂಗಿಲ್ಲ.”

ಮರುಕ್ಷಣವೇ ಆಕೆಯ ಮುಖ ಅರಳಿತು. “ಬರೋಬ್ಬರಿ ಬಂತೇನೋ? ವಾರದೊಳಗ ಒಬ್ಬರಿಗಾದ್ರೂ ಹಿಂಗ ಅಂದು ಬಾ ಅಂದಾರ!”

“ಭಾಳ ಚೊಲೋ ಬಂತ್ರಿ” ಎಂದ ಮಾಲತೇಶ, ಕುಂಬಳಕಾಯಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.