ಇಪ್ಪತ್ತೊಂದು ನಿಯಮ, ಐದು ಸೀಟಿ

ಮೂವತ್ತನಾಲ್ಕು ವರ್ಷ ಮುಂಬಯಿ ಬಳಿಯ ಡೊಂಬಿವಲಿಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿದವನು ನಾನು. ನನ್ನ ಕಾವಲಿನಲ್ಲಿ ಒಂದು ಮಗುವಿನ ಮೊಣಕಾಲೂ ತರಚಿದ್ದಿಲ್ಲ! ಆದ್ದರಿಂದ ನಮ್ಮ ಕಟ್ಟಡದ ಪಕ್ಕದ ಖಾಲಿ ಜಾಗದಲ್ಲಿ ಕನ್ನಡ ಕ್ಲಬ್ಬಿನವರು ಮಕ್ಕಳಿಗಾಗಿ ಬಿಲ್ಲುಗಾರಿಕೆಯ ಅಂಗಳ ತೆರೆದು, ನನ್ನನ್ನೇ ಸುರಕ್ಷಾಧಿಕಾರಿಯನ್ನಾಗಿ ಮಾಡಿದಾಗ ಆ ಕ್ಷಣವೇ ಘೋಷಿಸಿಬಿಟ್ಟೆ: "ಈ ಅಂಗಳದಲ್ಲಿ ಸೊಳ್ಳೆಗೂ ಗಾಯವಾಗಕೂಡದು!"

ಸೌಕರ್ಯಗಳೇನು ಕಡಿಮೆಯೇ? ನಾಲ್ಕು ಹುಲ್ಲಿನ ಗುರಿಗಳು. ಗುರಿ ತಪ್ಪಿದ ಬಾಣಗಳನ್ನು ತಡೆಯಲು ಅವುಗಳ ಹಿಂದೆ ಭಿವಂಡಿಯಿಂದ ತರಿಸಿದ ಕಂಬಳಿಯಂಥ ದಪ್ಪ ಪರದೆ. ಇತ್ತ ಸುಣ್ಣದ ಗೆರೆ, ಬೆಂಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಎಲ್ಲಕ್ಕಿಂತ ಎತ್ತರದಲ್ಲಿ ನನ್ನ ಫಲಕ, ಇಪ್ಪತ್ತೊಂದು ನಿಯಮಗಳು! ಎರಡು ಸೀಟಿಗೆ ಮಕ್ಕಳು ಗೆರೆಗೆ ಬರಬೇಕು. ಒಂದಕ್ಕೆ ಬಾಣ ಬಿಡಬೇಕು. ಮೂರಕ್ಕೆ ಬಿಲ್ಲು ಕೆಳಗಿಟ್ಟು, ಹೋಗಿ ಬಾಣ ಕಿತ್ತು ತರಬೇಕು. ಐದಾದರೆ ಅಪಾಯ, ಎಲ್ಲವೂ ನಿಲ್ಲಬೇಕು. ಒಂಬತ್ತನೆಯ ನಿಯಮದ ಮೇಲೆ ನನಗೆ ವಿಶೇಷ ಅಭಿಮಾನ: "ಇಲ್ಲಿ ಸೀಟಿಯೇ ಆಜ್ಞೆ. ಬಾಯಿಮಾತಿಗೆ ಬೆಲೆಯಿಲ್ಲ."

ಸೀಟಿಯೋ, ನಿವೃತ್ತಿಯ ದಿನ ಶಾಲೆಯವರು ನನಗೇ ಬಿಟ್ಟುಕೊಟ್ಟ ಹಿತ್ತಾಳೆಯದು. ಒಳಗಿನ ಗುಂಡು ಸವೆದು 'ಪುರ್ರ್' ಎನ್ನುವ ಬದಲು 'ಶ್ಶೂಂ' ಎನ್ನುತ್ತಿತ್ತು, ಅಷ್ಟೆ.

"ಇದು ಸೀಟಿಯಾ ಮಾರಾಯ್ರೆ? ನನ್ನ ಕುಕ್ಕರ್ ಇದಕ್ಕಿಂತ ಚಂದ ಕೂಗ್ತದೆ. ಹೊಸತು ತನ್ನಿ" ಎಂದಳು ನನ್ನ ಹೆಂಡತಿ ನಳಿನಾಕ್ಷಿ.

"ಸಾವಿರಾರು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ ಸೀಟಿ ಇದು!"

"ಆ ಮಕ್ಕಳಿಗೆಲ್ಲ ಈಗ ತಲೆ ಬೋಳಾಗಿದೆ!"

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಸಂಜೆ ನಾಲ್ಕಕ್ಕೆ ಜಿಲ್ಲಾ ಸಂಘದಿಂದ ರೇಗೆ ಮೇಡಂ ತಪಾಸಣೆಗೆ ಬರುವವರಿದ್ದರು. ಅವರು ಸಹಿ ಹಾಕಿದರೆ ನಮ್ಮ ಆರು ಮಕ್ಕಳಿಗೆ ಜಿಲ್ಲಾ ಸ್ಪರ್ಧೆಗೆ ಪ್ರವೇಶ. ಹೆಸರು ಕೊಡಲು ಅಂದೇ ಕಡೆಯ ದಿನ. ಸಹಿ ಹಾಕದಿದ್ದರೆ ಅಂಗಳಕ್ಕೆ ಬೀಗ! ಆ ಆರರಲ್ಲಿ ನನ್ನ ಮೊಮ್ಮಗಳು ಪ್ರೇಕ್ಷಾಳೂ ಒಬ್ಬಳು. ವಾರವಿಡೀ ಅವಳದು ಒಂದೇ ಬೇಡಿಕೆ, ಮೇಡಂ ಮುಂದೆ ನಾನು ಭಾಷಣ ಬಿಗಿಯಬಾರದೆಂದು: "ಅಜ್ಜಾ, ಮೇಡಂ ಕೆ ಸಾಮ್ನೆ ಭಾಷಣ್ ಮತ್ ದೇನಾ, ಪ್ಲೀಸ್!"

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಮಕ್ಕಳು ಅಭ್ಯಾಸಕ್ಕೆ ನಿಂತಿದ್ದಾಗಲೇ ಗೇಟಿನಲ್ಲಿ ಮೇಡಂ ಪ್ರತ್ಯಕ್ಷ!

"ಹನ್ನೊಂದಕ್ಕೆ ರೈಲ್ವೆಯ ಮೆಗಾಬ್ಲಾಕ್ ಆಹೇ ನಾ, ಸರ್! ಆಮೇಲೆ ಗಾಡಿಯೇ ಸಿಗೋದಿಲ್ಲ. ಅದಕ್ಕೆ ಮೊದಲೇ ಬಂದೆ."

ಎರಡನೆಯ ಮಹಡಿಯ ಅಡುಗೆಮನೆಯ ಕಿಟಕಿಯಿಂದ ನಳಿನಾಕ್ಷಿಯ ಕಂಠ ಕೇಳಿಸಿತು. "ಮೇಡಂಗೆ ಊಟ ನಮ್ಮಲ್ಲೇ! ಕುಚ್ಚಲಕ್ಕಿ ಇಟ್ಟಾಗಿದೆ!"

ನಾನು ಗಂಭೀರವಾಗಿ ಎರಡು ಸೀಟಿ ಊದಿದೆ. ಮಕ್ಕಳು ಗೆರೆಗೆ ಬಂದು ನಿಂತರು. "ಮೇಡಂ, ನನ್ನ ಸೀಟಿಯ ಅಪ್ಪಣೆಯಿಲ್ಲದೆ ಇಲ್ಲಿ ಒಂದು ಬಾಣವೂ..." ಎಂದು ಭಾಷಣ ಆರಂಭಿಸಿದೆನಷ್ಟೆ.

ಶ್ಶೂಂ!

ಆರು ಬಾಣಗಳು ಹಾರಿ ಹುಲ್ಲಿಗೆ ನಾಟಿದವು. ನನ್ನ ಸೀಟಿ ನನ್ನ ಕೈಯಲ್ಲೇ ಇತ್ತು! ಕೂಗಿದ್ದು ಮೇಲಿನ ಕುಕ್ಕರ್!

ಇಲ್ಲಿಯೇ ನಾನು ನಿಜ ಹೇಳಬೇಕಿತ್ತು. ಆದರೆ ಮೇಡಂ "ವಾಹ್!" ಎಂದುಬಿಟ್ಟರು. ಆ ಮೆಚ್ಚುಗೆಯನ್ನು ಕುಕ್ಕರಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ಶಿಸ್ತು ಅಂದರೆ ಇದು!" ಎಂದೆ.

ಅತಿಥಿ ಬಂದ ಗಡಿಬಿಡಿಯಲ್ಲಿ ನಳಿನಾಕ್ಷಿ ಉರಿ ಜೋರಾಗಿಟ್ಟಿದ್ದಳು. ಶ್ಶೂಂ, ಶ್ಶೂಂ, ಶ್ಶೂಂ! ಮಕ್ಕಳು ಬಿಲ್ಲು ಕೆಳಗಿಟ್ಟು ಗುರಿಯತ್ತ ನಡೆದರು.

"ಇನ್ನೂ ಎರಡೆರಡು ಬಾಣ ಉಳಿದಿವೆಯಲ್ಲ, ಸರ್?"

"ಇದು ವಿಧೇಯತೆಯ ಪರೀಕ್ಷೆ, ಮೇಡಂ! ಬನ್ನಿ, ಪರದೆ ತೋರಿಸುತ್ತೇನೆ."

ಮಕ್ಕಳು ಬಾಣ ಕಿತ್ತುಕೊಂಡು ಹಿಂದಿರುಗಿದರು. ನಾನು ಮಾತ್ರ ಗುರಿಯ ಪಕ್ಕದಲ್ಲೇ ನಿಂತು ಮೇಡಂಗೆ ಪರದೆಯ ಎಳೆಎಳೆಯನ್ನೂ ವರ್ಣಿಸುತ್ತಿದ್ದೆ. ಮೇಲಿನಿಂದ ಶ್ಶೂಂ, ಶ್ಶೂಂ! ಎರಡು! ಆರೂ ಮಕ್ಕಳು ಗೆರೆಯ ಮೇಲೆ, ನಮಗೆ ಎದುರಾಗಿ!

"ಅಜ್ಜಾ, ಹಟೋ ನಾ!" ಸರಿದು ನಿಲ್ಲೆಂದು ಪ್ರೇಕ್ಷಾ ಕಿರುಚಿದಳು.

"ಬೇಡ! ನಿಲ್ಲಿಸಿ!" ನಾನು ಕೂಗಿದೆ.

"ಸರ್, ಬಾಯಿಮಾತಿಗೆ ಬೆಲೆಯಿಲ್ಲ!" ಎಂದ ಗೆರೆಯ ಮೇಲಿದ್ದ ಹುಡುಗ ರಿತೇಶ್. ಅವನಿಗೆ ಇಪ್ಪತ್ತೊಂದೂ ನಿಯಮಗಳು ಬಾಯಿಪಾಠ. ಕಲಿಸಿದವನು ನಾನೇ!

ಐದು ಸೀಟಿ ಊದಬೇಕು! ಎದೆ ತುಂಬ ಗಾಳಿ ಎಳೆದು ಮೊದಲನೆಯದನ್ನು ಊದಿದೆ. ಊದಿದ ಮೇಲೆ ಹೊಳೆಯಿತು: ಒಂದು ಸೀಟಿ ಎಂದರೆ 'ಬಾಣ ಬಿಡಿ'! ಪ್ರೇಕ್ಷಾಳೊಬ್ಬಳನ್ನು ಬಿಟ್ಟು ಐದು ಬಿಲ್ಲುಗಳು ಮೇಲೆದ್ದವು. ಎರಡನೆಯದಕ್ಕೆ ನನ್ನಲ್ಲಿ ಉಸಿರಿರಲಿಲ್ಲ. ಮೇಡಂ ಹುಲ್ಲಿನ ಗುರಿಯ ಹಿಂದೆ ಬಗ್ಗಿದರು. ಸುರಕ್ಷಾಧಿಕಾರಿಯು ಭಿವಂಡಿಯ ಪರದೆಯಲ್ಲಿ ಸುತ್ತಿಕೊಂಡು ಕಣ್ಣು ಮುಚ್ಚಿದನು!

ಆಗ ಆಕಾಶವಾಣಿಯಂತೆ ಕೇಳಿಸಿತು: ಶ್ಶೂಂ! ಶ್ಶೂಂ! ಶ್ಶೂಂ! ಶ್ಶೂಂ!

ನನ್ನದೊಂದು, ಅದರದು ನಾಲ್ಕು. ಒಟ್ಟು ಐದು! ಐದು ಬಿಲ್ಲುಗಳೂ ನೆಲಕ್ಕೆ ಬಂದವು.

ಪರದೆಯಿಂದ ತಲೆ ಹೊರಹಾಕಿ ಮೇಲೆ ನೋಡಿದೆ. ಕಿಟಕಿಯಲ್ಲಿ ನಳಿನಾಕ್ಷಿ ಸಟ್ಟುಗ ಹಿಡಿದು ನಿಂತಿದ್ದಳು. ಅದರಿಂದಲೇ ಕುಕ್ಕರಿನ ವೇಯ್ಟನ್ನು ನಾಲ್ಕು ಸಲ ಎತ್ತಿ ಬಿಟ್ಟಿದ್ದಳು!

"ದಿನಾ ಊಟಕ್ಕೆ ಕೂತಾಗ ಇಪ್ಪತ್ತೊಂದು ನಿಯಮ ಹೇಳಿ ನನ್ನ ತಲೆ ತಿಂದದ್ದು ಸಾರ್ಥಕವಾಯ್ತು, ಮಾರಾಯ್ರೆ! ಈಗ ಹೊರಗೆ ಬನ್ನಿ, ಪರದೆ ಹರೀತದೆ."

ರೇಗೆ ಮೇಡಂ ಕುಚ್ಚಲಕ್ಕಿ ಅನ್ನ ಉಂಡು ಕೈತೊಳೆದು ವರದಿ ಬರೆದರು. ನಾನು ಅವರ ಮುಂದೆ ತಪ್ಪು ಮಾಡಿದ ವಿದ್ಯಾರ್ಥಿಯಂತೆ ನಿಂತಿದ್ದೆ. ಪ್ರೇಕ್ಷಾ ನನ್ನ ಕೈ ಬಿಟ್ಟಿರಲಿಲ್ಲ.

"ಮಕ್ಕಳ ತಪ್ಪಿಲ್ಲ. ಸಹಿ ಹಾಕುತ್ತೇನೆ. ಆದರೆ ಮೂರು ಷರತ್ತು. ಸೀಟಿ ಹೊಸದಾಗಬೇಕು. ಗೆರೆಯ ಮುಂದೆ ಯಾರಾದರೂ ಇದ್ದರೆ ಸೀಟಿ ಕೂಗಿದರೂ ಬಿಲ್ಲು ಎತ್ತಕೂಡದು, ಇದು ಮೊದಲ ನಿಯಮವಾಗಬೇಕು. ಮತ್ತು ಸುರಕ್ಷಾಧಿಕಾರಿ..." ಎಂದು ನನ್ನತ್ತ ನೋಡಿ, ಆಮೇಲೆ ಅಡುಗೆಮನೆಯತ್ತ ನೋಡಿದರು. "ಬಾಯಿ, ತುಮಚಂ ಪೂರ್ಣ ನಾವ್ ಕಾಯ್?"

ನಳಿನಾಕ್ಷಿ ಸೆರಗು ಸರಿಪಡಿಸಿಕೊಂಡು ಪೂರ್ತಿ ಹೆಸರು ಹೇಳಿದಳು.

ಈಗ ಭಾನುವಾರಗಳಂದು ಅವಳು ಕೆಳಗೆ ಬೆಂಚಿನ ಮೇಲೆ, ಕೊರಳಲ್ಲಿ ಹೊಸ ಸೀಟಿ. ನಾನು ಮೇಲೆ ಅಡುಗೆಮನೆಯಲ್ಲಿ. ಮೊನ್ನೆ ನನ್ನ ಹಳೆಯ ಸೀಟಿಯನ್ನು ಒರೆಸುತ್ತ ಶಾಲೆಯ ದಿನಗಳನ್ನು ನೆನೆಯುತ್ತಿದ್ದೆ. ಕೆಳಗಿನಿಂದ ಪುರ್ರ್ ಪುರ್ರ್ ಎಂದು ಐದು ಸೀಟಿ! ಎದ್ದು ಓಡಿದೆ. ಕಿಟಕಿಯಿಂದ ಬಗ್ಗಿದೆ.

"ಎಂಥ ಅಪಾಯ ನಳಿನಾ? ಯಾರಿಗೆ ಏನಾಯ್ತು?"

ಮಕ್ಕಳೆಲ್ಲ ಬಿಲ್ಲು ಕೆಳಗಿಟ್ಟು ಮೂಗು ಮುಚ್ಚಿಕೊಂಡು ನಿಂತಿದ್ದರು.

"ಇಲ್ಲಿ ಯಾರಿಗೂ ಏನೂ ಆಗ್ಲಿಲ್ಲ! ಅನ್ನ ಸೀದ ವಾಸನೆ ಗೆರೆಯವರೆಗೆ ಬಂತು. ಗ್ಯಾಸ್ ಆರಿಸಿ, ಮಾರಾಯ್ರೆ!"