ಮಾವನವರ ಮುತ್ತಜ್ಜ

ನಿವೃತ್ತಿಯಾದ ಪೋಸ್ಟ್ ಮಾಸ್ತರರೊಬ್ಬರು ಮನೆಯಲ್ಲಿದ್ದರೆ ಸತ್ತವರಿಗೂ ನೆಮ್ಮದಿ ಇರುವುದಿಲ್ಲ. ಎಪ್ಪತ್ತರ ದಶಕದ ಕೊನೆಯ ಒಂದಿಡೀ ಬೇಸಿಗೆ ರಜೆ ನನ್ನ ಮಾವನವರು ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಪೂರ್ವಜರ ಬೆನ್ನು ಹತ್ತಿದ್ದರು. ನಾನು ಶಾಲೆ ಮಾಸ್ತರ, ಮೇಲಾಗಿ ಹಿರಿ ಅಳಿಯ. ರಜೆ ಇಲ್ಲ ಎಂದು ಸುಳ್ಳು ಹೇಳುವಂತೆಯೂ ಇರಲಿಲ್ಲ.

ಕಾರಣ ಇಷ್ಟೇ. ಕಿರಿ ಮಗಳಿಗೆ ಶಿಗ್ಗಾವಿಯ ದೊಡ್ಡ ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಒಪ್ಪಿಯಾಗಿತ್ತು, ನಿಶ್ಚಯವೊಂದೇ ಬಾಕಿ. ಆದರೆ ಮಾವನವರಿಗೆ ಅಜ್ಜನ ಹೆಸರಿನಾಚೆ ತಮ್ಮ ಮನೆತನದ ಬಗ್ಗೆ ಏನೂ ಗೊತ್ತಿರಲಿಲ್ಲ. "ಬೀಗರ ಮುಂದ ಬರಿಗೈಲೆ ಹೆಂಗ ಕುಂದ್ರೂದು?" ಎಂದು ಕೊರಗುತ್ತಿದ್ದರು.

"ಅಪ್ಪಾ, ಅವ್ರು ನನ್ನ ನೋಡಿ ಒಪ್ಪ್ಯಾರ, ನಿನ್ನ ಮುತ್ತಜ್ಜನ್ನ ನೋಡಿ ಅಲ್ಲ," ಎಂದಳು ನಾದಿನಿ. ಆ ಮನೆಯಲ್ಲಿ ಬುದ್ಧಿ ಇದ್ದದ್ದು ಅವಳೊಬ್ಬಳಿಗೇ. ಹೀಗಾಗಿ ಯಾರೂ ಕೇಳಲಿಲ್ಲ.

ಸವಣೂರಿನ ದಿವಾನ

ತಮ್ಮ ಮುತ್ತಜ್ಜ ಸವಣೂರು ನವಾಬರ ದಿವಾನ ಎಂಬುದು ಮಾವನವರ ಗುಮಾನಿ. ಆಧಾರ, ಕನ್ನಡಿಯಲ್ಲಿ ಕಂಡ ಸ್ವಂತ ಮೂಗು. ವೀಳ್ಯದೆಲೆ ಮಾರುವ ಮುದುಕನೊಬ್ಬನನ್ನು ವಿಚಾರಿಸಿದರು.

ಅವನು ತಲೆ ಎತ್ತದೆ ಹೇಳಿದ: "ಈ ತಿಂಗಳ ನಾಕನೇ ದಿವಾನರ ಮೊಮ್ಮಗ ನೀವು. ಎಲ್ಲಾರೂ ದಿವಾನರ ಆಗಿದ್ರ ಕುದುರಿ ಲದ್ದಿ ಯಾರು ಬಳೀತಿದ್ರರಿ?"

ಮಾವನವರು ಕೆಂಡವಾದರು. "ಲದ್ದಿ ಬಳಿಯೋ ವಂಶ ಅಲ್ಲ ನಮ್ದು!"

"ಉಳಿದ ಮೂರೂ ಮಂದಿ ಹಿಂಗ ಅಂದ್ರು. ಎಲಿ ಎಷ್ಟು ಕಟ್ಲಿರಿ?"

ಹಿರೇಕೆರೂರಿನ ಕಲ್ಲು

ಹಿರೇಕೆರೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಸನದ ಕಲ್ಲು ಕಂಡದ್ದೇ ತಡ, ಮಾವನವರು ಅದಕ್ಕೆ ನೀರು ಹಾಕಿ, ವಿಭೂತಿ ಬಳಿದು ಅಡ್ಡಬಿದ್ದರು.

"ಅಳಿಯಾರ, ಇದರಾಗ ನಮ್ಮವ್ರ ಹೆಸರೈತಿ. ನನ್ನ ರಕ್ತ ಹೇಳಾಕತ್ತೈತಿ."

ಅವರ ರಕ್ತಕ್ಕೆ ಹಳೆಗನ್ನಡ ಬರುತ್ತಿತ್ತೋ ಏನೋ, ನನಗಂತೂ ಬರುತ್ತಿರಲಿಲ್ಲ. ಹೈಸ್ಕೂಲಿನ ಕನ್ನಡ ಪಂಡಿತರನ್ನು ಕರೆತಂದೆವು. ಅವರು ಅಕ್ಷರಗಳ ಮೇಲೆ ಬೆರಳಾಡಿಸಿ ಹೇಳಿದರು: "ದಾನ ಕೊಟ್ಟವ್ರ ಹೆಸರೆಲ್ಲಾ ಸವದು ಹೋಗ್ಯಾವರಿ. ಕಡೀ ಸಾಲಿನ ಬೈಗಳ ಅಷ್ಟ ಉಳದೈತಿ. ಈ ಹೊಲ ಕಸಗೊಂಡಾಂವ ಅರವತ್ತು ಸಾವಿರ ವರ್ಷ ಹೇಲಿನ ಹುಳ ಆಗ್ತಾನಂತ."

ಮಾವನವರು ಸಂತೋಷದಿಂದ ನೋಟ್‌ಬುಕ್ ನನ್ನ ಕೈಗಿಟ್ಟರು. "ಬರ್ಕೋರಿ ಅಳಿಯಾರ. ನಮ್ಮವ್ರಿಗೆ ಹೊಲ ಇತ್ತಂತ ಆತಲ್ಲ!"

ಹಾನಗಲ್ಲಿನ ವಾಡೆ

ಕೊನೆಗೆ ಹಾನಗಲ್ ಕಡೆಯ ಹಳ್ಳಿಯೊಂದರಲ್ಲಿ ಗೌಡರ ಹಾಳುಬಿದ್ದ ವಾಡೆ ಸಿಕ್ಕಿತು. ವಾರಸುದಾರರು ಎಂದೋ ಊರು ಬಿಟ್ಟಿದ್ದರು. ಯಾರೆಂದು ವಿಚಾರಿಸುವಷ್ಟು ತಾಳ್ಮೆ ಮಾವನವರಿಗೆಲ್ಲಿ? ಅಲ್ಲೇ ಕಟ್ಟೆಯ ಮೇಲೆ ಹೆಳವನೊಬ್ಬ ಕುಳಿತಿದ್ದ. ಎತ್ತು ಹತ್ತಿಕೊಂಡು ಊರೂರು ತಿರುಗಿ, ಮನೆಮನೆಯ ವಂಶಾವಳಿ ಹೇಳಿ ಕಾಳು ಪಡೆಯುವವನು. ಮಾವನವರು ಅವನಿಗೆ ಒಂದು ಚೀಲ ಜೋಳ ಕೊಟ್ಟು, ಆ ವಾಡೆಯ ಗೌಡರ ತಮ್ಮನೇ ತಮ್ಮ ಮುತ್ತಜ್ಜ ಎಂದು ಬಾಯಿಪಾಠ ಮಾಡಿಸಿದರು.

ಶಿಗ್ಗಾವಿಯಲ್ಲಿ ನಿಶ್ಚಯದ ದಿನ ತಾಂಬೂಲ ಬದಲಿಸುವ ಮುನ್ನ ಹೆಳವ ಎದ್ದು ನಿಂತು ಎಲ್ಲವನ್ನೂ ರಾಗವಾಗಿ ಹಾಡಿದ. ವಾಡೆಯ ಹೆಸರು ಬರುತ್ತಲೇ ಬೀಗರ ಮನೆಯ ಹಿರಿಯಜ್ಜ ತಾಂಬೂಲದ ತಾಟನ್ನು ಹಿಂದಕ್ಕೆ ಎಳೆದುಕೊಂಡರು.

"ಆ ವಾಡೇ ನಮ್ದರಿ! ನಮ್ಮಜ್ಜ ಅಲ್ಲಿಂದನ ಬಂದಾಂವ. ನೀವು ಗೌಡರ ತಮ್ಮನ ಕಡ್ಯಾವ್ರು ಅಂದ್ರ ನಾವೂ ನೀವೂ ಅಣ್ಣತಮ್ಮಂದಿರು. ಹುಡುಗಿ ನಮ್ಮ ಹುಡುಗಗ ತಂಗಿ ಆದ್ಲು. ಈ ಲಗ್ನ ಆಗಂಗಿಲ್ಲ, ಏಳ್ರಿ."

ನಾದಿನಿಯ ಕಣ್ಣು ತುಂಬಿ ಬಂತು. ನನಗೆ ಮೈಯೆಲ್ಲ ಉರಿಯಿತು. ಹೆಳವ ಆಗಲೇ ಎತ್ತು ಬಿಚ್ಚಿಕೊಂಡು ಜಾಗ ಖಾಲಿ ಮಾಡಿದ್ದ. ಮಾವನವರು ಮಗಳ ಮುಖ ನೋಡಿದರು, ಬೆವರು ಒರೆಸಿಕೊಂಡು ಎದ್ದರು.

"ಸುಳ್ಳರಿ ಯಜಮಾನ್ರ, ಎಲ್ಲಾ ಸುಳ್ಳು! ನಮ್ಮ ಮುತ್ತಜ್ಜ ಗೌಡರ ತಮ್ಮ ಅಲ್ಲ. ಆ ವಾಡೇದಾಗ ಕುದುರಿ ಲದ್ದಿ ಬಳೀತಿದ್ದ!"

ಅಜ್ಜ ಹುಬ್ಬು ಗಂಟಿಕ್ಕಿದರು. "ನಮ್ಮ ವಾಡೇದಾಗ ಕುದುರಿ ಎಲ್ಲಿದ್ದೂವರಿ? ಇದ್ದದ್ದು ನಾಕು ಎಮ್ಮಿ."

"ಹಂಗಾದ್ರ ಎಮ್ಮಿ ಸಗಣಿರಿ!" ಎಂದು ಮಾವನವರು ಕೈಮುಗಿದು ಕೂಗಿದರು. "ದೇವರಾಣಿ, ನಾಕೂ ಎಮ್ಮೀದು ಅವನ ಬಳದಾನ!"

ಅಜ್ಜ ತಾಟನ್ನು ಮತ್ತೆ ಮುಂದಕ್ಕೆ ಸರಿಸಿದರು. "ಇಂಥಾ ಚಲೋ ಮಾತು ಮೊದಲ ಹೇಳೂದಲ್ಲರಿ? ಕುಂದ್ರಿ ಬೀಗರ."