ಕಾಲ ತಪ್ಪಿದ ಇಂಗ್ಲಿಷು

ಇಂಗ್ಲಿಷ್ ಮಾಸ್ತರಿಕೆ ಮಾಡುತ್ತ ಗಂಗಾವತಿ, ಯಲಬುರ್ಗಾ, ಕುಷ್ಟಗಿ ಸುತ್ತಿದವನು ನಾನು. ನಮ್ಮ ಮಂದಿಗೆ ಇಂಗ್ಲಿಷ್ ಶಬ್ದಗಳಿಗೇನೂ ಬರವಿಲ್ಲ. ಕೈಕೊಡುವುದು ಕಾಲ. ನಿನ್ನೆಯದು ಇವತ್ತಿಗೆ, ಇವತ್ತಿನದು ನಿನ್ನೆಗೆ ಹೋಗಿ ಕೂಡುತ್ತದೆ. ಇಂಥದ್ದು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ.

ಬಿಟ್ಟು ಹೋದ ಹೆಂಡತಿ

ಗಂಗಾವತಿಯಲ್ಲಿ ನಮ್ಮ ಪಕ್ಕದ ಮನೆಯವರು ಬ್ಯಾಂಕಿನಲ್ಲಿದ್ದರು. ಅವರ ಬೈಕ್ ಕೆಟ್ಟಿದ್ದರಿಂದ ಹೆಂಡತಿಯೇ ಸ್ಕೂಟಿಯಲ್ಲಿ ದಿನಾ ಬಿಟ್ಟು ಬರುತ್ತಿದ್ದರು. ಹೊಸ ಮ್ಯಾನೇಜರರಿಗೆ ಕನ್ನಡ ಬಾರದು. ಯಾಕೆ ತಡ ಎಂದು ಕೇಳಿದ್ದಕ್ಕೆ ಇವರು, “ಮೈ ವೈಫ್ ಲೆಫ್ಟ್ ಮಿ, ಸರ್” ಎಂದರು.

ಮ್ಯಾನೇಜರರು ಗಾಬರಿಯಾಗಿ ಕುರ್ಚಿ ಕೊಟ್ಟು, ನೀರು ತರಿಸಿ, ಇದು ಯಾವಾಗಿನಿಂದ ಎಂದು ಮೆಲ್ಲಗೆ ವಿಚಾರಿಸಿದರು.

“ಡೇಲಿ ಲೀವಿಂಗ್, ಸರ್. ಈವ್ನಿಂಗ್ ಅಗೇನ್ ಟೇಕಿಂಗ್.”

ಸಂಜೆ ಹೊರಗೆ ಸ್ಕೂಟಿಯ ಹಾರ್ನ್ ಕೇಳಿದ್ದೇ ತಡ, ಮ್ಯಾನೇಜರರೇ ಎದ್ದು ಬಂದು, ಕೆಲಸ ನಾಳೆ ಮಾಡಿದರಾಯಿತು, ಆಕೆ ಮನಸ್ಸು ಬದಲಾಯಿಸುವ ಮೊದಲು ಹೊರಡಿ ಎಂದು ಕಳಿಸಿಕೊಟ್ಟರಂತೆ.

ಕುಡಿಯಾಕತ್ತಿಲ್ಲ

ಯಲಬುರ್ಗಾದಲ್ಲಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಳಕಲ್‌ಗೆ ಹೆಣ್ಣು ನೋಡಲು ಹೊರಟ. ಹುಡುಗಿ ಇಂಗ್ಲಿಷ್ ಎಂ.ಎ. ಎಂದು ಗೊತ್ತಾಗಿ, ಧೈರ್ಯಕ್ಕೆ ನನ್ನನ್ನೂ ಕರೆದೊಯ್ದ. ಅವಳನ್ನು ಕಂಡದ್ದೇ ಇವನಿಗೆ ಮನಸ್ಸಾಗಿಬಿಟ್ಟಿತು. ಚಹಾದ ಕಪ್ಪು ಕೈಯಲ್ಲೇ ಆರುತ್ತಿತ್ತು. ಹುಡುಗಿ ಸುತ್ತಿ ಬಳಸದೆ, ಕುಡಿಯುವ ಚಟ ಇದೆಯೇ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಇವನು ಬೆವರು ಒರೆಸಿಕೊಂಡು, “ನೋ, ಐ ಆಮ್ ನಾಟ್ ಡ್ರಿಂಕಿಂಗ್” ಎಂದ.

ಹುಡುಗಿ ನಗಲಿಲ್ಲ. “ಈಗ ಕುಡಿಯಾಕತ್ತಿಲ್ಲ ಅನ್ನೂದು ನನಗೂ ಕಾಣಸ್ತೈತ್ರಿ. ನಾ ದಿನದ್ದು ಕೇಳೀನಿ” ಎಂದಳು.

ಲಗ್ನವೇನೋ ಆಯಿತು. ಅಂವ ಈಗ ಚಹಾ ಕುಡಿಯುವುದನ್ನೂ ಬಿಟ್ಟಿದ್ದಾನೆ.

ಒಂದು ನಿಮಿಷದ ಮೌನ

ಎಲ್ಲಕ್ಕಿಂತ ದೊಡ್ಡದು ಕುಷ್ಟಗಿ ಕಡೆಯ ಸಾಲಿಯೊಂದರಲ್ಲಿ ನಡೆಯಿತು. ಅವತ್ತು ಹೆಡ್ ಮಾಸ್ತರರ ನಿವೃತ್ತಿ ಸಮಾರಂಭ. ಭಾಳ ಛಲೋ ಮನುಷ್ಯರು, ಕಿವಿ ಮಾತ್ರ ಸ್ವಲ್ಪ ಮಂದ. ಹಾರ ಕುತ್ತಿಗೆಗೆ ಚುಚ್ಚುತ್ತದೆಂದು ತೆಗೆದಿಟ್ಟು, ವೇದಿಕೆಯ ತುದಿಯಲ್ಲಿ ನನ್ನ ಪಕ್ಕ ಕೂತಿದ್ದರು. ಮುಖ್ಯ ಅತಿಥಿಗಳು ಬೇರೆ ರಾಜ್ಯದ ಅಧಿಕಾರಿ. ತಡವಾಗಿ ಬಂದವರಿಗೆ ಸಮಾರಂಭ ಯಾತರದು, ಯಾರು ಯಾರು ಎಂದು ಹೇಳಲು ಯಾರಿಗೂ ಪುರುಸೊತ್ತಾಗಲಿಲ್ಲ. ಅವರಿಗೂ ತಿಳಿಯಲಿ ಎಂದು ಗಣಿತದ ಮಾಸ್ತರರು ಇಂಗ್ಲಿಷಿನಲ್ಲೇ ಭಾಷಣ ಶುರು ಮಾಡಿದರು.

“ಅವರ್ ಹೆಡ್ ಮಾಸ್ಟರ್ ವಾಸ್ ಎ ಗ್ರೇಟ್ ಮ್ಯಾನ್. ಹಿ ವಾಸ್ ಲವಿಂಗ್ ಆಲ್ ಚಿಲ್ಡ್ರನ್. ನೌ ಹಿ ಈಸ್ ಗಾನ್.”

ಇಷ್ಟು ಹೇಳಿ ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಧಿಕಾರಿಗಳ ಮುಖವೂ ಸಣ್ಣದಾಯಿತು. ತಾವೇ ಎದ್ದು ಮೈಕ್ ಹಿಡಿದು, ಎಲ್ಲರೂ ಒಂದು ನಿಮಿಷ ಮೌನ ಆಚರಿಸಬೇಕೆಂದು ಇಂಗ್ಲಿಷಿನಲ್ಲಿ ಕೇಳಿಕೊಂಡರು. ಸಾಹೇಬರು ನಿಂತಾರೆಂದು ಇಡೀ ಸಾಲಿ ಎದ್ದು ನಿಂತಿತು. ತಡೆಯೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕಣ್ಣು ಮುಚ್ಚಿಬಿಟ್ಟಿದ್ದರು.

ಎಲ್ಲರಿಗಿಂತ ನೆಟ್ಟಗೆ, ತಲೆ ತಗ್ಗಿಸಿ ನಿಂತವರು ನಮ್ಮ ಹೆಡ್ ಮಾಸ್ತರರು. ಮೌನ ಮುಗಿದು ಕೂತ ಮೇಲೆ ನನ್ನ ಕಡೆ ವಾಲಿ, ದನಿ ತಗ್ಗಿಸಿ ಕೇಳಿದರು:

“ಪಾಪ, ಯಾರು ತೀರಿಕೊಂಡಾರ್ರಿ?”